ಹಳೆಯ ಪಿಕಪ್ ಟ್ರಕ್ಕಿನ ಗಾಜಿಗೆ ನೀರು ಚಿಮ್ಮಿಸುವ ವಾಷರ್: ಏಕೆ ಬೇಕು, ಹೇಗೆ ಕೂರಿಸಬೇಕು?

ಅಮೆರಿಕದ ಫ್ಲಾರಿಡಾದಲ್ಲಿಯೂ ಮೆಕ್ಸಿಕೋ ಕೊಲ್ಲಿಯ ದಂಡೆಯ ಇತರ ರಾಜ್ಯಗಳಲ್ಲಿಯೂ ವರ್ಷಕ್ಕೆ ಎರಡು ಬಾರಿ, ಮೇ ತಿಂಗಳ ಆಸುಪಾಸಿನಲ್ಲಿ ಒಮ್ಮೆ ಮತ್ತು ಸೆಪ್ಟೆಂಬರ್ ಆಸುಪಾಸಿನಲ್ಲಿ ಇನ್ನೊಮ್ಮೆ, ‘ಲವ್‌ಬಗ್’ ಎಂಬ ಕಪ್ಪು ಕೀಟಗಳು ಜೋಡಿ ಜೋಡಿಯಾಗಿ ಹೆದ್ದಾರಿಗಳ ಮೇಲೆ ಮುತ್ತಿಕೊಳ್ಳುತ್ತವೆ. ವೇಗವಾಗಿ ಸಾಗುವ ವಾಹನದ ಮುಂದಿನ ಗಾಜಿಗೆ ಅವು ಬಡಿದು ಜಜ್ಜಿಹೋದರೆ ಎದುರಿನ ರಸ್ತೆಯೇ ಮಸುಕಾಗುತ್ತದೆ. ಇಂದಿನ ಕಾರಿನವರು ಸ್ಟೀರಿಂಗಿನ ಪಕ್ಕದ ಕಡ್ಡಿಯನ್ನು ಎಳೆದು, ಗಾಜಿನ ಮೇಲೆ ನೀರು ಚಿಮ್ಮಿಸಿ, ಒರೆಸಿಕೊಂಡು ಮುಂದೆ ಹೋಗುತ್ತಾರೆ. 1950ರ ಷೆವರ್ಲೆ 3100 ಪಿಕಪ್ಪನ್ನು ಓಡಿಸುವವರಿಗೆ ಆ ಕಡ್ಡಿಯೇ ಇಲ್ಲ. ಅವರು ವೈಪರನ್ನಷ್ಟೇ ಹಾಕಿದರೆ, ಒಂದೆಡೆ ಇದ್ದ ಕೊಳೆಯು ಹೆಂಚಿನ ಮೇಲೆ ದೋಸೆಹಿಟ್ಟು ಹರಡಿದಂತೆ ಗಾಜಿನ ಉದ್ದಗಲಕ್ಕೂ ಹರಡಿಕೊಳ್ಳುತ್ತದೆ. ಉತ್ತರದ ರಾಜ್ಯಗಳಲ್ಲಿ ಕೀಟದ ಕಾಟ ಕಡಿಮೆಯಾದರೂ, ಹಿಮ ಕರಗಿಸಲು ರಸ್ತೆಗೆ ಚೆಲ್ಲಿದ ಉಪ್ಪು ಮುಂದಿನ ವಾಹನದ ಚಕ್ರದಿಂದ ಸಿಡಿದು ಬಂದು, ಒಣಗಿ, ಗಾಜಿನ ಮೇಲೆ ಸುಣ್ಣ ಬಳಿದಂತೆ ಕೂರುತ್ತದೆ.

ಇಂತಹ ಪಿಕಪ್ಪುಗಳನ್ನು ಕೊಂಡು, ಮನೆಯ ಗ್ಯಾರೇಜಿನಲ್ಲಿಯೇ ದುರಸ್ತಿ ಮಾಡಿ, ವಾರದ ಕೊನೆಯಲ್ಲಿ ಓಡಿಸುವ ಹವ್ಯಾಸ ಅಮೆರಿಕದಲ್ಲಿ ವ್ಯಾಪಕವಾಗಿದೆ. ಎಂಜಿನ್ನು, ಬ್ರೇಕು, ಬಣ್ಣ ಎಲ್ಲವೂ ಸರಿಹೋದ ಮೇಲೆ ಮೊದಲ ದೂರ ಪ್ರಯಾಣದಲ್ಲಿ ಎದುರಾಗುವ ಕೊರತೆ ಈ ವಾಷರಿನದು. ವಾಷರ್ ಎಂದೊಡನೆ ನಮ್ಮ ಗ್ಯಾರೇಜುಗಳಲ್ಲಿ ಬೋಲ್ಟಿನ ಅಡಿಯಲ್ಲಿಡುವ ತಗಡಿನ ಬಿಲ್ಲೆ ನೆನಪಾಗುತ್ತದೆ. ಈ ಲೇಖನದಲ್ಲಿ ಆ ಪದವನ್ನು ಗಾಜಿನ ಮೇಲೆ ನೀರು ಚಿಮ್ಮಿಸುವ ಸಾಧನ ಎಂಬ ಅರ್ಥದಲ್ಲಿ ಮಾತ್ರ ಬಳಸಲಾಗಿದೆ. ಉದಾಹರಣೆಗೆ ಆರಿಸಿಕೊಂಡಿರುವುದು 1947ರ ಮಧ್ಯಭಾಗದಿಂದ 1955ರ ಆರಂಭದವರೆಗೆ ತಯಾರಾದ, ‘ಅಡ್ವಾನ್ಸ್ ಡಿಸೈನ್’ ಎಂದು ಹೆಸರಾದ ಮಾದರಿಯ, ಅರ್ಧ ಟನ್ ಹೊರೆಯ ವರ್ಗಕ್ಕೆ ಸೇರಿದ ಷೆವರ್ಲೆ ಪಿಕಪ್ಪನ್ನು; ಮೇಲೆ ಹೇಳಿದ 3100 ಅದೇ. ಅದೇ ಕಾಲದ ಫೋರ್ಡ್ ಪಿಕಪ್ಪಿಗೂ ಹೆಚ್ಚಿನ ಮಾತುಗಳು ಅನ್ವಯಿಸುತ್ತವೆ. ವ್ಯತ್ಯಾಸವಿರುವಲ್ಲಿ ಅದನ್ನು ಹೇಳಲಾಗಿದೆ.

ಒಣ ಗಾಜನ್ನು ಒರೆಸಿದರೆ ಆಗುವುದೇನು?

ವೈಪರಿನ ಕೆಲಸವನ್ನು ನಾವು ಸಾಮಾನ್ಯವಾಗಿ ತಪ್ಪು ತಿಳಿದಿರುತ್ತೇವೆ. ವೈಪರಿನ ರಬ್ಬರ್ ಪಟ್ಟಿಯು ಕೊಳೆಯನ್ನು ಕೆರೆದು ತೆಗೆಯುವ ಸಾಧನವಲ್ಲ, ಗಾಜಿನ ಮೇಲಿರುವ ನೀರನ್ನು ಪಕ್ಕಕ್ಕೆ ತಳ್ಳುವ ಸಾಧನ. ಕೊಳೆಯನ್ನು ಸಡಿಲಿಸಿ ತನ್ನೊಡನೆ ಹೊತ್ತೊಯ್ಯುವುದು ನೀರು. ಮಳೆ ಬರುವಾಗ ಈ ನೀರು ತಾನಾಗಿಯೇ ಒದಗುವುದರಿಂದ ವೈಪರ್ ಚೆನ್ನಾಗಿ ಕೆಲಸ ಮಾಡಿದಂತೆ ತೋರುತ್ತದೆ. ಮಳೆಯಿಲ್ಲದ ದಿನ ಅದೇ ವೈಪರನ್ನು ಓಡಿಸಿದರೆ, ಎಂಜಲು ತಟ್ಟೆಯನ್ನು ನೀರು ಮುಟ್ಟಿಸದೆ ಒಣಬಟ್ಟೆಯಿಂದ ಉಜ್ಜಿದ ಹಾಗಾಗುತ್ತದೆ.

ಇದರಿಂದ ಆಗುವ ಹಾನಿ ಎರಡು ಬಗೆಯದು. ರಸ್ತೆಯ ಧೂಳಿನಲ್ಲಿ ಬಹುಪಾಲು ಮರಳಿನ ಕಣಗಳಿರುತ್ತವೆ, ಮರಳಿನ ಮುಖ್ಯ ಖನಿಜ ಬೆಣಚು. ಖನಿಜಗಳ ಗಡಸುತನವನ್ನು ಅಳೆಯುವ ಮೋಸ್ ಮಾಪಕದಲ್ಲಿ ಬೆಣಚಿನ ಸ್ಥಾನ 7, ಸಾಮಾನ್ಯ ಗಾಜಿನದು ಸುಮಾರು 5.5. ಹೀಗಾಗಿ ರಬ್ಬರಿನ ಅಂಚಿಗೆ ಸಿಕ್ಕಿಕೊಂಡ ಒಂದೊಂದು ಕಣವೂ ವೈಪರ್ ಸಾಗುವ ಕಮಾನಿನ ಉದ್ದಕ್ಕೂ ಗಾಜನ್ನು ಗೀಚುತ್ತದೆ. ಹಗಲಿನ ಬೆಳಕಿನಲ್ಲಿ ಕಾಣದ ಈ ಗೀರುಗಳು ಸಂಜೆಯ ಇಳಿಬಿಸಿಲು ಅಥವಾ ಎದುರಿನ ವಾಹನದ ದೀಪ ಬಿದ್ದೊಡನೆ ಬೆಳಕನ್ನು ನಾನಾ ದಿಕ್ಕಿಗೆ ಚದುರಿಸಿ ಕಣ್ಣು ಕುಕ್ಕುವಂತೆ ಮಾಡುತ್ತವೆ. ಎರಡನೆಯದಾಗಿ, ಒಣ ಗಾಜಿನ ಮೇಲೆ ರಬ್ಬರ್ ಪಟ್ಟಿ ಜಾರದೆ ಕಚ್ಚಿಕೊಳ್ಳುವುದರಿಂದ ಎಪ್ಪತ್ತು ವರ್ಷ ಹಳೆಯ ವೈಪರ್ ಮೋಟಾರಿನ ಮೇಲೂ ಅದರ ಸಂದುಗಳ ಮೇಲೂ ಅನಗತ್ಯ ಭಾರ ಬೀಳುತ್ತದೆ. ಮೊದಲು ನೆನೆಸಬೇಕು, ಅನಂತರ ಒರೆಸಬೇಕು ಎಂಬ ಈ ಕ್ರಮವೇ ವಾಷರಿನ ಹಿಂದಿರುವ ಪೂರ್ತಿ ತತ್ತ್ವ.

ಆಗಿನ ಟ್ರಕ್ಕುಗಳಲ್ಲಿ ಏಕೆ ಇರಲಿಲ್ಲ?

ವೈಪರ್ ಬಹಳ ಹಳೆಯದು. ಅಲಬಾಮಾ ರಾಜ್ಯದ ಬರ್ಮಿಂಗ್‌ಹ್ಯಾಮಿನ ಮೇರಿ ಆಂಡರ್ಸನ್ ಎಂಬವರು, ವಾಹನದ ಒಳಗೆ ಕುಳಿತೇ ಹಿಡಿಯೊಂದನ್ನು ತಿರುಗಿಸಿ ಗಾಜು ಒರೆಸುವ ಸಾಧನಕ್ಕೆ 1903ರಲ್ಲಿಯೇ ಪೇಟೆಂಟ್ ಪಡೆದಿದ್ದರು. ನೀರು ಚಿಮ್ಮಿಸುವ ಸಾಧನ ಬಂದದ್ದು ಅದಾಗಿ ದಶಕಗಳ ಮೇಲೆ, ಅದೂ ಹೆಚ್ಚು ಹಣ ಕೊಟ್ಟು ಹಾಕಿಸಿಕೊಳ್ಳುವ ಐಚ್ಛಿಕ ಸೌಕರ್ಯವಾಗಿ. ಪಿಕಪ್ ಆಗ ಹೊಲ, ಡೈರಿ ಮತ್ತು ಅಂಗಡಿಗಳ ದುಡಿಮೆಯ ವಾಹನ; ಕೊಳ್ಳುವವರು ಬೆಲೆಯನ್ನು ನೋಡುತ್ತಿದ್ದರೇ ಹೊರತು ಸೌಕರ್ಯವನ್ನಲ್ಲ. ಚಾಲಕ ಎಡಕ್ಕೆ ಕೂರುವ ಅಲ್ಲಿನ ಟ್ರಕ್ಕುಗಳಲ್ಲಿ ಪಕ್ಕದವರ ಕಡೆಯ, ಅಂದರೆ ಬಲಬದಿಯ, ವೈಪರನ್ನು ಕೂಡ ಬೇಕಾದವರು ಪ್ರತ್ಯೇಕವಾಗಿ ಹಾಕಿಸಿಕೊಳ್ಳಬೇಕಾಗಿದ್ದ ಟ್ರಕ್ಕುಗಳು ಆ ಕಾಲದಲ್ಲಿ ಇದ್ದವು. ಗಾಜು ಕೊಳೆಯಾದರೆ ಪೆಟ್ರೋಲ್ ಬಂಕಿನ ಹುಡುಗ ಒರೆಸಿಕೊಡುತ್ತಿದ್ದ.

ಅಮೆರಿಕದ ಒಕ್ಕೂಟ ಸರ್ಕಾರದ ವಾಹನ ಸುರಕ್ಷತಾ ಮಾನದಂಡಗಳಲ್ಲಿ 104ನೆಯದು ಗಾಜು ಒರೆಸುವ ಮತ್ತು ತೊಳೆಯುವ ವ್ಯವಸ್ಥೆಗೆ ಸಂಬಂಧಿಸಿದ್ದು. ಅದು 1968ರಲ್ಲಿ ಕಾರುಗಳಿಗೆ ಅನ್ವಯವಾಯಿತು, ಟ್ರಕ್ಕುಗಳ ಸರದಿ ಅನಂತರ ಬಂತು. ವೈಪರಿಗೆ ಕನಿಷ್ಠ ಎರಡು ವೇಗಗಳಿರಬೇಕು, ಹೆಚ್ಚಿನ ವೇಗದಲ್ಲಿ ಅದು ನಿಮಿಷಕ್ಕೆ 45 ಬಾರಿಯಾದರೂ ಹೋಗಿ ಬರಬೇಕು, ಅದರೊಡನೆ ವಾಷರೂ ಇರಬೇಕು ಎಂಬುದು ಆ ಮಾನದಂಡದ ತಿರುಳು. ಆದ್ದರಿಂದ 1970ರ ಪಿಕಪ್ಪಿನಲ್ಲಿ ವಾಷರ್ ಇರುತ್ತದೆ. 1950ರದ್ದರಲ್ಲಿ ಇಲ್ಲದಿರುವುದು ಯಾರೋ ಕಿತ್ತುಹಾಕಿದ ಕಾರಣದಿಂದಲ್ಲ.

ವೈಪರನ್ನು ಓಡಿಸುತ್ತಿರುವುದು ಯಾವುದು?

ವಾಷರ್ ಹಾಕುವ ಮೊದಲು ಈ ಪ್ರಶ್ನೆಗೆ ಉತ್ತರ ತಿಳಿಯಬೇಕು. ಈ ಷೆವರ್ಲೆಯಲ್ಲಿ ಸಾಮಾನ್ಯವಾಗಿ ಸಿಗುವುದು ವಿದ್ಯುತ್ ಮೋಟಾರಲ್ಲ, ಎಂಜಿನ್ನಿನ ಹೀರುವ ಬಲದಿಂದ ನಡೆಯುವ ನಿರ್ವಾತ ಮೋಟಾರು. ಎಂಜಿನ್ನಿನ ಪಿಸ್ಟನ್ನು ಕೆಳಗಿಳಿಯುವಾಗ ಗಾಳಿಯನ್ನು ಒಳಗೆ ಎಳೆದುಕೊಳ್ಳುತ್ತದೆ. ಆಕ್ಸಿಲರೇಟರನ್ನು ಒತ್ತದಿದ್ದಾಗ ಗಾಳಿಯ ದಾರಿಯಲ್ಲಿರುವ ತಟ್ಟೆ ಮುಚ್ಚಿರುವುದರಿಂದ ಎಂಜಿನ್ನಿಗೆ ಗಾಳಿ ಹೋಗುವ ಕೊಳವೆಯೊಳಗೆ ಒತ್ತಡ ಕುಸಿಯುತ್ತದೆ. ಕೈ ಅಡ್ಡವಿಟ್ಟು ಸ್ಟ್ರಾದಿಂದ ಹೀರಿದಾಗ ಕೆನ್ನೆ ಒಳಕ್ಕೆ ಸೆಳೆದುಕೊಳ್ಳುವುದೂ ಇದೇ ಕಾರಣದಿಂದ. ಸುಸ್ಥಿತಿಯ ಎಂಜಿನ್ನು ನಿಂತಲ್ಲಿಯೇ ಓಡುವಾಗ ಈ ಸೆಳೆತ ಪಾದರಸದ ಕಂಬವನ್ನು ಸುಮಾರು 17ರಿಂದ 21 ಇಂಚು ಏರಿಸುವಷ್ಟಿರುತ್ತದೆ. ಅದನ್ನು ರಬ್ಬರ್ ಕೊಳವೆಯೊಂದರ ಮೂಲಕ ವೈಪರಿನ ಪೆಟ್ಟಿಗೆಗೆ ಕೊಟ್ಟರೆ, ಒಳಗಿನ ರೆಕ್ಕೆಯೊಂದು ಅತ್ತಿಂದಿತ್ತ ತಿರುಗಿ ವೈಪರನ್ನು ಆಡಿಸುತ್ತದೆ.

ತೊಂದರೆಯೆಂದರೆ, ಏರು ಹತ್ತುವಾಗ ಆಕ್ಸಿಲರೇಟರನ್ನು ಪೂರ್ತಿ ಒತ್ತಿದರೆ ಆ ತಟ್ಟೆ ತೆರೆದುಕೊಂಡು ಸೆಳೆತ ಬಹುತೇಕ ಇಲ್ಲವಾಗುತ್ತದೆ, ವೈಪರ್ ಗಾಜಿನ ನಡುವೆಯೇ ನಿಂತುಬಿಡುತ್ತದೆ. ಮಳೆಯಲ್ಲಿ ಲಾರಿಯೊಂದನ್ನು ಹಿಂದಿಕ್ಕುವ ಹೊತ್ತಿಗೆ, ಅಂದರೆ ಗಾಜು ಅತ್ಯಂತ ಸ್ವಚ್ಛವಾಗಿರಬೇಕಾದ ಗಳಿಗೆಯಲ್ಲಿಯೇ, ಹೀಗಾಗುವುದು ಹಳೆಯ ಚಾಲಕರಿಗೆಲ್ಲ ಗೊತ್ತಿದ್ದ ಸಂಗತಿ. ವೈಪರ್ ಅರೆಬರೆ ಓಡುತ್ತಿರುವಾಗ ವಾಷರಿನಿಂದ ನೀರು ಚಿಮ್ಮಿಸಿದರೆ ಕೊಳೆ ಕರಗಿ ಕೆಸರಾಗಿ ಎದುರಿನ ರಸ್ತೆ ಮೊದಲಿಗಿಂತಲೂ ಮಸುಕಾಗಿ ಕಾಣುತ್ತದೆ. ಹೀಗಾಗಿ ಮೊದಲು ನಿರ್ವಾತದ ಕೊಳವೆ ಬಿರಿದಿಲ್ಲವೇ, ಮೋಟಾರಿನ ಒಳರೆಕ್ಕೆಯ ಅಂಚು ಒಣಗಿ ಗಾಳಿ ಸೋರುತ್ತಿಲ್ಲವೇ, ವೈಪರಿನ ರಬ್ಬರ್ ಹೊಸದೇ ಎಂಬುದನ್ನು ನೋಡಿಕೊಳ್ಳಬೇಕು. ಈಗಿನ ಅನೇಕ ಮಾಲೀಕರು ವೈಪರನ್ನೇ ವಿದ್ಯುತ್ ಮೋಟಾರಿಗೆ ಬದಲಿಸಿಕೊಳ್ಳುತ್ತಾರೆ. ಅದು ಪ್ರತ್ಯೇಕ ವಿಷಯ.

ವಾಷರಿನ ಒಳಗಿರುವುದು ಇಷ್ಟೇ

ನೀರು ತುಂಬಿಡುವ ಡಬ್ಬ, ನೀರನ್ನು ನೂಕುವ ಪಂಪು, ಸಾಗಿಸುವ ಸಣ್ಣ ಕೊಳವೆ, ಗಾಜಿನತ್ತ ಮುಖಮಾಡಿದ ನಳಿಕೆ ಮತ್ತು ಚಾಲಕನ ಕೈಗೋ ಕಾಲಿಗೋ ಸಿಗುವ ಗುಂಡಿ. ತೋಟಕ್ಕೆ ಔಷಧಿ ಹೊಡೆಯುವ ಬೆನ್ನಿನ ಪಂಪನ್ನು ಬಲ್ಲವರಿಗೆ ಇದರಲ್ಲಿ ಹೊಸತೇನೂ ಇಲ್ಲ. ಕೊಳವೆಯಲ್ಲಿ ಇನ್ನೊಂದು ಪುಟ್ಟ ಭಾಗವಿರುವುದು ಒಳ್ಳೆಯದು: ನೀರನ್ನು ಒಂದೇ ದಿಕ್ಕಿಗೆ ಬಿಡುವ ಕವಾಟ. ಅದಿಲ್ಲದಿದ್ದರೆ ಗುಂಡಿಯನ್ನು ಬಿಟ್ಟೊಡನೆ ಕೊಳವೆಯಲ್ಲಿದ್ದ ನೀರು ಡಬ್ಬಕ್ಕೆ ಮರಳುತ್ತದೆ, ಮುಂದಿನ ಸಲ ಒತ್ತಿದಾಗ ನಳಿಕೆಗೆ ನೀರು ಬರಲು ಎರಡು ಮೂರು ಸೆಕೆಂಡು ಕಾಯಬೇಕಾಗುತ್ತದೆ. ಗಂಟೆಗೆ 80 ಕಿ.ಮೀ. ವೇಗದ ವಾಹನ ಮೂರು ಸೆಕೆಂಡಿನಲ್ಲಿ 66 ಮೀಟರಿಗಿಂತ ಹೆಚ್ಚು ದೂರ ಕ್ರಮಿಸುತ್ತದೆ ಎಂಬುದನ್ನು ನೆನೆದರೆ ಈ ಕವಾಟದ ಬೆಲೆ ತಿಳಿಯುತ್ತದೆ.

ನಿಜವಾಗಿ ಯೋಚಿಸಬೇಕಾದ ವಿಷಯ ಪಂಪಿನದು. ಅದನ್ನು ಯಾವ ಶಕ್ತಿಯಿಂದ ನಡೆಸುವುದು ಎಂಬಲ್ಲಿ ಹಳೆಯ ಪಿಕಪ್ಪು ಇಂದಿನ ವಾಹನಕ್ಕಿಂತ ಬೇರೆಯಾಗುತ್ತದೆ.

ಆರು ವೋಲ್ಟಿನ ತೊಡಕು

ಇಂದಿನ ಕಾರುಗಳ ಬ್ಯಾಟರಿ 12 ವೋಲ್ಟಿನದು, ಮಾರುಕಟ್ಟೆಯಲ್ಲಿ ಸುಲಭವಾಗಿ ಸಿಗುವ ವಾಷರ್ ಪಂಪುಗಳೂ 12 ವೋಲ್ಟಿಗೇ ತಯಾರಾದವು. ನಮ್ಮ ಉದಾಹರಣೆಯ ಷೆವರ್ಲೆಯ ವಿದ್ಯುತ್ ವ್ಯವಸ್ಥೆ 6 ವೋಲ್ಟಿನದು. 1955ರ ನಡುವೆ ಬಂದ ಹೊಸ ಮಾದರಿಯಿಂದ ಅದು 12 ವೋಲ್ಟಿಗೆ ಏರಿತು. ಫೋರ್ಡ್ ಪಿಕಪ್ಪಿನಲ್ಲಿ ಈ ಬದಲಾವಣೆ 1956ರ ಮಾದರಿಯಿಂದ ಆಯಿತು.

12 ವೋಲ್ಟಿನ ಪಂಪನ್ನು 6 ವೋಲ್ಟಿಗೆ ಸೇರಿಸಿದರೆ ಅರ್ಧ ನೀರಾದರೂ ಬರಬಹುದಲ್ಲ ಎಂದು ಅನ್ನಿಸುವುದು ಸಹಜ. ಹಾಗಾಗುವುದಿಲ್ಲ. ಈ ಪಂಪಿನೊಳಗೆ ಸಣ್ಣ ಚಕ್ರವೊಂದು ಗಿರಗಿರನೆ ತಿರುಗಿ ನೀರನ್ನು ಹೊರಕ್ಕೆ ಎಸೆಯುತ್ತದೆ. ಬಾವಿಗೆ ಕೂರಿಸುವ ಮೋಟಾರು ಪಂಪಿನ ತತ್ತ್ವವೂ ಇದೇ. ಇಂತಹ ಪಂಪಿನಲ್ಲಿ ಒತ್ತಡವು ಚಕ್ರದ ವೇಗದ ವರ್ಗಕ್ಕೆ ಅನುಗುಣವಾಗಿರುತ್ತದೆ, ಎಂದರೆ ವೇಗ ಅರ್ಧಕ್ಕಿಳಿದರೆ ಒತ್ತಡ ಕಾಲುಭಾಗಕ್ಕೆ ಇಳಿಯುತ್ತದೆ. ಗಾಜಿನ ನಡುವಿಗೆ ಹಾರಬೇಕಾದ ನೀರು ನಳಿಕೆಯ ಬಾಯಲ್ಲಿ ಜೊಲ್ಲಿನಂತೆ ಇಳಿಯುತ್ತದೆ.

ಇದಕ್ಕೆ ದಾರಿಗಳುಂಟು. 6 ವೋಲ್ಟಿಗೇ ತಯಾರಿಸಿದ ಪಂಪು ಸಿಕ್ಕಿದರೆ ಅದೇ ಅತ್ಯಂತ ಸರಳ. ಇಲ್ಲದಿದ್ದರೆ 6 ವೋಲ್ಟನ್ನು 12ಕ್ಕೆ ಏರಿಸಿಕೊಡುವ ಎಲೆಕ್ಟ್ರಾನಿಕ್ ಪರಿವರ್ತಕವನ್ನು ನಡುವೆ ಹಾಕಬಹುದು. ಆದರೆ ಪರಿವರ್ತಕವು ಶಕ್ತಿಯನ್ನು ಹುಟ್ಟಿಸುವುದಿಲ್ಲ, ರೂಪ ಬದಲಿಸಿಕೊಡುತ್ತದೆ ಅಷ್ಟೆ. ಪಂಪು 12 ವೋಲ್ಟಿನಲ್ಲಿ 4 ಆಂಪಿಯರ್ ಎಳೆಯುವುದಾದರೆ ಅದು 48 ವಾಟ್. ಅಷ್ಟನ್ನು ಒದಗಿಸಲು 6 ವೋಲ್ಟಿನ ಕಡೆಯಿಂದ ಕನಿಷ್ಠ 8 ಆಂಪಿಯರ್ ಹರಿಯಬೇಕು, ನಷ್ಟವನ್ನೂ ಸೇರಿಸಿದರೆ ಇನ್ನೂ ಹೆಚ್ಚು. ಆದ್ದರಿಂದ ಪರಿವರ್ತಕವನ್ನು ಆ ಅಳತೆಗೆ ಆರಿಸಬೇಕು ಮತ್ತು ಬ್ಯಾಟರಿಯ ಕಡೆಯ ತಂತಿಯನ್ನು ದಪ್ಪಗಿಡಬೇಕು. ಸಣ್ಣ 12 ವೋಲ್ಟ್ ಬ್ಯಾಟರಿಯೊಂದನ್ನು ವಾಷರಿಗೆಂದೇ ಪ್ರತ್ಯೇಕವಾಗಿ ಇಟ್ಟು, ತಿಂಗಳಿಗೊಮ್ಮೆ ಮನೆಯಲ್ಲಿ ಚಾರ್ಜ್ ಮಾಡಿಕೊಳ್ಳುವುದು ಮತ್ತೊಂದು ಉಪಾಯ. ವಾಷರ್ ಒಮ್ಮೆಗೆ ಓಡುವುದು ಕೆಲವೇ ಸೆಕೆಂಡುಗಳಾದ್ದರಿಂದ ಇದು ತೋರುವಷ್ಟು ವಿಚಿತ್ರವಲ್ಲ. ಟ್ರಕ್ಕಿನ ಮೂಲ ತಂತಿಗಳನ್ನು ಮುಟ್ಟದೆ ಕೆಲಸ ಮುಗಿಯುವುದು ಇದರ ದೊಡ್ಡ ಅನುಕೂಲ.

ಇನ್ನೊಂದು ತೊಡಕು ಧ್ರುವಗಳದು. ವಾಹನಗಳಲ್ಲಿ ಬ್ಯಾಟರಿಯ ಒಂದು ತುದಿಯನ್ನು ಕಬ್ಬಿಣದ ಮೈಗೇ ಸೇರಿಸಿ, ಮರಳಿ ಬರುವ ತಂತಿಯ ಖರ್ಚನ್ನು ಉಳಿಸಲಾಗುತ್ತದೆ. ಗ್ಯಾರೇಜಿನವರು ಇದನ್ನು ಅರ್ಥಿಂಗ್ ಎನ್ನುತ್ತಾರೆ. ಷೆವರ್ಲೆಯಲ್ಲಿ ಮೈಗೆ ಸೇರಿರುವುದು ಋಣ ತುದಿ. 6 ವೋಲ್ಟಿನ ಕಾಲದ ಫೋರ್ಡಿನಲ್ಲಿ ಮೈಗೆ ಸೇರಿರುವುದು ಧನ ತುದಿ. ಕಣ್ಣು ಮುಚ್ಚಿಕೊಂಡು ಕೆಂಪು ತಂತಿಯನ್ನು ಗುಂಡಿಗೂ ಕಪ್ಪು ತಂತಿಯನ್ನು ಮೈಗೂ ಸೇರಿಸಿದರೆ ಫೋರ್ಡಿನಲ್ಲಿ ಪಂಪು ಹಿಮ್ಮುಖವಾಗಿ ತಿರುಗುತ್ತದೆ, ಸದ್ದು ಮಾಡುತ್ತದೆ, ನೀರನ್ನು ಮಾತ್ರ ಸರಿಯಾಗಿ ನೂಕುವುದಿಲ್ಲ. ಎರಡು ತಂತಿಗಳನ್ನು ಅದಲು ಬದಲು ಮಾಡಿದರೆ ಪಂಪು ಸರಿಹೋಗುತ್ತದೆ. ಪರಿವರ್ತಕದ ವಿಷಯ ಅಷ್ಟು ಸುಲಭವಲ್ಲ: ಅದರ ಋಣ ತಂತಿ ಫೋರ್ಡಿನ ಮೈಗೆ ತಾಗಿದರೆ ನೇರ ಶಾರ್ಟ್ ಆಗುತ್ತದೆ. ಅಲ್ಲಿ ಪರಿವರ್ತಕವನ್ನೂ ಪಂಪನ್ನೂ ಮೈಗೆ ತಾಗದಂತೆ ಪ್ರತ್ಯೇಕವಾಗಿರಿಸಿ, ಎರಡೂ ತಂತಿಗಳನ್ನು ಪೂರ್ತಿಯಾಗಿ ಎಳೆಯಬೇಕು.

ವಿದ್ಯುತ್ತೇ ಬೇಡವೆಂದರೆ

ಆ ಕಾಲದವರು ಈ ಎಲ್ಲ ತೊಡಕುಗಳಿಂದ ತಪ್ಪಿಸಿಕೊಂಡಿದ್ದ ಬಗೆ ಸ್ವಾರಸ್ಯಕರವಾಗಿದೆ. ಒಂದು ವಿಧಾನದಲ್ಲಿ ಚಾಲಕನ ಕಾಲಿನ ಬಳಿ ರಬ್ಬರಿನ ಗುಬುಟೊಂದನ್ನು ಕೂರಿಸುತ್ತಿದ್ದರು. ಅದರ ಒಳಬರುವ ದಾರಿಯಲ್ಲಿ ಒಂದು ಕವಾಟ, ಹೊರಹೋಗುವ ದಾರಿಯಲ್ಲಿ ಇನ್ನೊಂದು. ತುಳಿದರೆ ಒಳಗಿದ್ದ ನೀರು ನಳಿಕೆಯತ್ತ ನುಗ್ಗುತ್ತದೆ, ಕಾಲು ತೆಗೆದರೆ ಉಬ್ಬಿಕೊಳ್ಳುತ್ತ ಡಬ್ಬದಿಂದ ಮತ್ತೆ ನೀರನ್ನು ಹೀರುತ್ತದೆ. ಐಸ್‌ಕ್ಯಾಂಡಿ ಮಾರುವವನ ಸೈಕಲ್ಲಿನ ಪೋಂ ಪೋಂ ಹಾರ್ನಿನಲ್ಲಿ ಗಾಳಿಯ ಬದಲು ನೀರಿದ್ದರೆ ಹೇಗಿರುತ್ತಿತ್ತೋ ಹಾಗೆ. ತಂತಿಯಿಲ್ಲ, ಫ್ಯೂಸಿಲ್ಲ, 6 ವೋಲ್ಟಿನ ಮಾತೇ ಇಲ್ಲ. ಎಷ್ಟು ಜೋರಾಗಿ ತುಳಿದರೆ ಅಷ್ಟು ಜೋರಾಗಿ ನೀರು. ಆದರೆ ಈ ಷೆವರ್ಲೆಯ ಪಾದದ ಜಾಗ ಮೊದಲೇ ಗಿಜಿಗುಡುತ್ತಿರುತ್ತದೆ: ಕ್ಲಚ್ಚು, ಬ್ರೇಕು, ಆಕ್ಸಿಲರೇಟರುಗಳಲ್ಲದೆ ಎಂಜಿನ್ ಶುರು ಮಾಡುವ ಸ್ಟಾರ್ಟರನ್ನೂ ಕಾಲಿನಿಂದಲೇ ಒತ್ತಬೇಕು, ದೀಪವನ್ನು ಮೇಲೆ ಕೆಳಗೆ ಮಾಡುವ ಡಿಮ್ಮರ್ ಕೂಡ ನೆಲದ ಮೇಲೆಯೇ ಇದೆ. ಗುಬುಟನ್ನು ಎಡಗಾಲಿಗೆ ಸಿಗುವಂತೆ, ಡಿಮ್ಮರಿಗಿಂತ ತುಸು ದೂರ ಇಟ್ಟರೆ ಮಾತ್ರ ಗೊಂದಲವಾಗುವುದಿಲ್ಲ.

ಎರಡನೆಯ ವಿಧಾನ, ವೈಪರಿಗೆ ಸಿಗುವ ಅದೇ ಎಂಜಿನ್ನಿನ ಸೆಳೆತವನ್ನು ವಾಷರಿಗೂ ಬಳಸುವುದು. ಬಫೆಲೋ ನಗರದ ಟ್ರೈಕೋ ಕಂಪನಿ ಇಂತಹವನ್ನು ತಯಾರಿಸುತ್ತಿತ್ತು. ಎಂಜಿನ್ ಕೋಣೆಯಲ್ಲಿ ಉಪ್ಪಿನಕಾಯಿ ಜಾಡಿಯಂತಹ ಗಾಜಿನ ಜಾಡಿ, ಅದರ ಮುಚ್ಚಳದಲ್ಲಿ ಸ್ಪ್ರಿಂಗಿನ ಮೇಲೆ ಕುಳಿತ ರಬ್ಬರ್ ಪೊರೆ. ಡ್ಯಾಶಿನ ಗುಂಡಿ ಒತ್ತಿದಾಗ ಎಂಜಿನ್ನಿನ ಸೆಳೆತ ಪೊರೆಯನ್ನು ಎಳೆದು ಜಾಡಿಯಿಂದ ನೀರನ್ನು ತುಂಬಿಕೊಳ್ಳುತ್ತದೆ. ಗುಂಡಿ ಬಿಟ್ಟಾಗ ಸ್ಪ್ರಿಂಗು ಪೊರೆಯನ್ನು ಮರಳಿ ತಳ್ಳಿ ಆ ನೀರನ್ನು ಗಾಜಿನತ್ತ ಹಾರಿಸುತ್ತದೆ. ನೀರು ಚಿಮ್ಮುವ ಕೆಲಸ ಸ್ಪ್ರಿಂಗಿನದಾದ್ದರಿಂದ ಆ ಗಳಿಗೆಯಲ್ಲಿ ಎಂಜಿನ್ನಿನ ಸೆಳೆತ ಕಡಿಮೆಯಿದ್ದರೂ ಚಿಂತೆಯಿಲ್ಲ. ಬಹಳ ಜಾಣ ಯೋಜನೆ ಇದು. ಹಳೆಯ ಜಾಡಿಗಳನ್ನು ಕೊಳ್ಳುವವರು ಪೊರೆಯ ಸ್ಥಿತಿಯನ್ನು ನೋಡಿಯೇ ಕೊಳ್ಳಬೇಕು, ಏಕೆಂದರೆ ಗಾಜು ಉಳಿದರೂ ರಬ್ಬರ್ ಉಳಿಯುವುದಿಲ್ಲ.

ಟ್ರಕ್ಕನ್ನು ಅದರ ಕಾಲದ ರೂಪದಲ್ಲಿಯೇ ಇಟ್ಟುಕೊಳ್ಳಬೇಕೆನ್ನುವವರಿಗೆ ಈ ಎರಡರಲ್ಲೊಂದನ್ನು ಆರಿಸುವುದು ನನ್ನ ದೃಷ್ಟಿಯಲ್ಲಿ ಮೇಲು. ದಿನನಿತ್ಯ ಓಡಿಸುವವರಿಗೆ, ಅದರಲ್ಲಿಯೂ 12 ವೋಲ್ಟಿಗೆ ಈಗಾಗಲೇ ಬದಲಾಗಿರುವ ಟ್ರಕ್ಕಿಗೆ, ವಿದ್ಯುತ್ ಪಂಪೇ ಅನುಕೂಲ.

ಡಬ್ಬವನ್ನು ಎಲ್ಲಿಡಬೇಕು?

ಈ ಷೆವರ್ಲೆಯ ಬ್ಯಾಟರಿ ಬಾನೆಟ್ಟಿನ ಕೆಳಗಿಲ್ಲ, ಕ್ಯಾಬಿನಲ್ಲಿ ಬಲಬದಿಯ ನೆಲದ ಅಡಿಯಲ್ಲಿದೆ. ಹೀಗಾಗಿ ಎಂಜಿನ್ ಕೋಣೆಯಲ್ಲಿ ಜಾಗಕ್ಕೆ ಬರವಿಲ್ಲ. ಆರು ಸಿಲಿಂಡರುಗಳ ಈ ಎಂಜಿನ್ನಿನ ಹೊಗೆ ಹೊರಹೋಗುವ ಕಬ್ಬಿಣದ ಕೊಳವೆಗಳು ಎಡಬದಿಯಲ್ಲಿ, ಅಂದರೆ ಚಾಲಕನ ಕಡೆ, ಕಾದು ಕೆಂಡವಾಗಿರುತ್ತವೆ. ಪ್ಲಾಸ್ಟಿಕ್ ಡಬ್ಬಕ್ಕೆ ಬಲಬದಿಯೇ ಕ್ಷೇಮ. ಒಂದೂವರೆ ಲೀಟರಿನ ಡಬ್ಬ ಸಾಕು.

ಎತ್ತರದ ವಿಷಯದಲ್ಲಿ ಎರಡು ನಿಯಮಗಳಿವೆ, ಅವುಗಳಿಗೆ ಕಾರಣವೂ ಸರಳ. ಚಕ್ರ ತಿರುಗಿಸಿ ನೀರೆಸೆಯುವ ಪಂಪು ಒಣಗಿದ್ದಾಗ ನೀರನ್ನು ಕೆಳಗಿನಿಂದ ಹೀರಿಕೊಳ್ಳಲಾರದು. ಬಾವಿಯ ಪಂಪಿಗೆ ಮೊದಲು ನೀರು ಹುಯ್ದು ‘ಪ್ರೈಮ್’ ಮಾಡುವುದು ಇದರಿಂದಲೇ. ಆದ್ದರಿಂದ ಪಂಪು ಡಬ್ಬದ ತಳದಲ್ಲಿಯೋ ಅದಕ್ಕಿಂತ ಕೆಳಗೋ ಇರಬೇಕು. ಇನ್ನೊಂದು, ಡಬ್ಬದಲ್ಲಿನ ನೀರಿನ ಮಟ್ಟ ನಳಿಕೆಗಿಂತ ಕೆಳಗಿರಬೇಕು. ಮೇಲಿದ್ದರೆ, ಡ್ರಮ್ಮಿನಿಂದ ಪೈಪಿನ ಮೂಲಕ ಸೀಮೆಎಣ್ಣೆ ಇಳಿಸಿದಂತೆ, ಟ್ರಕ್ಕು ನಿಂತಿರುವಾಗಲೂ ನೀರೆಲ್ಲ ತಾನೇ ಸೋರಿಹೋಗುತ್ತದೆ. ಡಬ್ಬದ ಮುಚ್ಚಳದಲ್ಲಿ ಸೂಜಿಯಷ್ಟಾದರೂ ತೂತಿರಬೇಕೆಂಬುದನ್ನು ಎಷ್ಟೋ ಜನ ಮರೆಯುತ್ತಾರೆ. ಎಣ್ಣೆಯ ಟಿನ್ನಿಗೆ ಒಂದೇ ತೂತು ಹೊಡೆದರೆ ಎಣ್ಣೆ ಗುಳುಗುಳು ಎಂದು ನಿಂತು ನಿಂತು ಬರುವಂತೆ, ಗಾಳಿ ಒಳಬರದ ಡಬ್ಬದಿಂದ ಪಂಪಿಗೂ ನೀರು ದಕ್ಕುವುದಿಲ್ಲ.

ತೂತು ಕೊರೆಯುವ ಮೊದಲು

ಎಲ್ಲಕ್ಕಿಂತ ಹೆಚ್ಚು ತಡೆದು ಯೋಚಿಸಬೇಕಾದದ್ದು ನಳಿಕೆಯನ್ನು ಕೂರಿಸುವ ಹಂತದಲ್ಲಿ. ಪಂಪು, ತಂತಿ, ಡಬ್ಬಗಳನ್ನು ಯಾವಾಗ ಬೇಕಾದರೂ ಬಿಚ್ಚಬಹುದು. ಗಾಜಿನ ಕೆಳಗಿನ ಹಳೆಯ ಉಕ್ಕಿನಲ್ಲಿ ಕೊರೆದ ತೂತನ್ನು ಮುಚ್ಚಲು ಬೆಸುಗೆಯವನೂ ಬಣ್ಣದವನೂ ಬೇಕು. ಜೊತೆಗೆ ಕೊರೆದ ಅಂಚು ತುಕ್ಕಿಗೆ ಬಾಗಿಲು, ಅದೂ ದಿನವೂ ನೀರು ಬೀಳುವ ಜಾಗದಲ್ಲಿ.

ಕೊರೆಯದೆ ಕೂರಿಸಲು ಒಳ್ಳೆಯ ಉಪಾಯವೆಂದರೆ ವೈಪರಿನ ತೋಳಿಗೇ ಸಿಕ್ಕಿಸುವ ನಳಿಕೆ. ತೆಳುವಾದ ರಬ್ಬರ್ ಕೊಳವೆ ತೋಳಿನ ಜೊತೆಗೇ ಸಾಗಿ, ಪಟ್ಟಿಯ ಹತ್ತಿರವೇ ನೀರನ್ನು ಬಿಡುತ್ತದೆ. ನೀರು ಬಿದ್ದ ಮರುಕ್ಷಣವೇ ರಬ್ಬರ್ ಒರೆಸುವುದರಿಂದ ಗಾಳಿಗೆ ಹಾರಿ ವ್ಯರ್ಥವಾಗುವುದು ಕಡಿಮೆ, ಪಂಪಿನ ಒತ್ತಡ ಸ್ವಲ್ಪ ಕಡಿಮೆಯಿದ್ದರೂ ನಡೆಯುತ್ತದೆ. ತೋಳು ತಿರುಗುವ ಬುಡದಲ್ಲಿ ಕೊಳವೆಗೆ ಸಡಿಲವಾದ ಸುತ್ತು ಬಿಡಬೇಕು, ಇಲ್ಲವಾದರೆ ಅದು ಎಳೆದೆಳೆದು ಕಿತ್ತುಬರುತ್ತದೆ. ಬಾನೆಟ್ಟಿನ ಹಿಂಬದಿಯಲ್ಲಿ ಈಗಾಗಲೇ ಇರುವ ಬೋಲ್ಟಿಗೆ ತಗಡಿನ ಪಟ್ಟಿ ಸಿಕ್ಕಿಸಿ ಅದರ ಮೇಲೆ ನಳಿಕೆ ಕೂರಿಸುವವರೂ ಇದ್ದಾರೆ. ಕೊರೆಯಲೇಬೇಕೆಂದಾದರೆ ಮೊದಲು ಅಂಟುಕಾಗದ ಹಚ್ಚಿ ಗುರುತು ಮಾಡಿ, ಒಳಗಡೆ ತಂತಿಯಾಗಲಿ ವೈಪರಿನ ಕೀಲಾಗಲಿ ಇಲ್ಲವೆಂದು ಕೈಯಾಡಿಸಿ ನೋಡಿ, ಚಿಕ್ಕ ಬಿಟ್ಟಿನಿಂದ ಆರಂಭಿಸಿ ಹಿಗ್ಗಿಸುತ್ತ ಹೋಗಬೇಕು. ಹಸಿ ಅಂಚಿಗೆ ತುಕ್ಕುನಿರೋಧಕ ಪ್ರೈಮರ್ ಬಳಿದು, ಆರಿದ ಮೇಲೆಯೇ ರಬ್ಬರ್ ಬುಷ್ ತೊಡಿಸಬೇಕು.

1953ರವರೆಗಿನ ಷೆವರ್ಲೆ ಪಿಕಪ್ಪಿನಲ್ಲಿ ಮುಂದಿನ ಗಾಜು ಒಂದೇ ಹಾಳೆಯಲ್ಲ, ನಡುವೆ ಪಟ್ಟಿಯಿರುವ ಎರಡು ಚಪ್ಪಟೆ ಹಾಳೆಗಳು. 1954ರಿಂದ ಒಂದೇ ಹಾಳೆಯಾಯಿತು. ಎರಡು ಹಾಳೆಗಳಿದ್ದಾಗ ನಡುವಿನ ಒಂದೇ ನಳಿಕೆಯಿಂದ ಎರಡಕ್ಕೂ ಸಮನಾಗಿ ನೀರುಣಿಸುವುದು ಕಷ್ಟ. ಕೊಳವೆಯನ್ನು ಕವಲೊಡೆಸಿ ಒಂದೊಂದಕ್ಕೆ ಒಂದೊಂದು ನಳಿಕೆ ಕೊಡುವುದು, ಎರಡೂ ಕವಲುಗಳ ಉದ್ದವನ್ನು ಹೆಚ್ಚುಕಡಿಮೆ ಸಮನಾಗಿಡುವುದು ಒಳ್ಳೆಯದು.

ತಂತಿ, ಫ್ಯೂಸು ಮತ್ತು ಗುರಿ

ವಿದ್ಯುತ್ ಪಂಪಿನ ಸಂಪರ್ಕದಲ್ಲಿ ತಪ್ಪಬಾರದ ಅಂಶ ಫ್ಯೂಸು. ಆ ಕಾಲದ ಟ್ರಕ್ಕುಗಳಲ್ಲಿ ಫ್ಯೂಸುಗಳು ಬಹಳ ಕಡಿಮೆ, ತಂತಿಯ ಮೇಲಿನ ಹೊದಿಕೆ ಬಟ್ಟೆಯದು. ಹೊಸದಾಗಿ ಎಳೆಯುವ ತಂತಿಗೆ ಶಕ್ತಿಯ ಮೂಲದ ಹತ್ತಿರವೇ ಫ್ಯೂಸು ಹಾಕಬೇಕು, ಪಂಪಿನ ಹತ್ತಿರವಲ್ಲ. ನಡುದಾರಿಯಲ್ಲಿ ತಂತಿ ಎಲ್ಲೇ ಉಜ್ಜಿ ಮೈಗೆ ತಾಗಿದರೂ ಫ್ಯೂಸು ಹಾರಬೇಕೆಂಬುದು ಉದ್ದೇಶ. ಪರಿವರ್ತಕವಿಲ್ಲದ 12 ವೋಲ್ಟಿನ ಸಣ್ಣ ಪಂಪಿಗೆ ತಯಾರಕರು ಬೇರೆ ಹೇಳದಿದ್ದರೆ 5ರಿಂದ 10 ಆಂಪಿಯರಿನ ಫ್ಯೂಸು ಸಾಕಾಗುತ್ತದೆ. ಗುಂಡಿಯು ಕಾಲಿಂಗ್ ಬೆಲ್ಲಿನದರಂತೆ ಒತ್ತಿದಾಗ ಮಾತ್ರ ಸಂಪರ್ಕ ಕೊಡುವಂಥದ್ದಾಗಿರಬೇಕು, ಡ್ಯಾಶಿನ ಕೆಳ ಅಂಚಿಗೆ ಸಿಕ್ಕಿಸಿದ ಪಟ್ಟಿಯ ಮೇಲಿಟ್ಟರೆ ಡ್ಯಾಶನ್ನೂ ಕೊರೆಯಬೇಕಾಗಿಲ್ಲ. ನೀರಿಲ್ಲದೆ ಪಂಪನ್ನು ಹೆಚ್ಚು ಹೊತ್ತು ಓಡಿಸಬಾರದು, ಅದರ ಒಳಭಾಗ ತಂಪಾಗಿರುವುದೂ ಜಾರುವುದೂ ನೀರಿನಿಂದಲೇ.

ಗುರಿ ಹಿಡಿಯುವಾಗ ನಿಂತ ಟ್ರಕ್ಕಿನಲ್ಲಿ ನೀರು ಗಾಜಿನ ನಡುಭಾಗಕ್ಕಿಂತ ತುಸು ಮೇಲೆ ಬೀಳುವಂತೆ ನಳಿಕೆಯನ್ನು ತಿರುಗಿಸಬೇಕು. ಓಡುವಾಗ ಎದುರುಗಾಳಿ ನೀರಿನ ಎಳೆಯನ್ನು ಗಾಜಿನತ್ತ ಬಾಗಿಸುವುದರಿಂದ ಅದು ನಿಂತಾಗಿನದಕ್ಕಿಂತ ಕೆಳಗೆ ಬೀಳುತ್ತದೆ. ಒಂದು ಸಣ್ಣ ಎಚ್ಚರಿಕೆ: ಈ ಷೆವರ್ಲೆಯಲ್ಲಿ ಗಾಜಿನ ಮುಂದೆ, ಬಾನೆಟ್ಟಿನ ಹಿಂದೆ, ಒಳಗೆ ಗಾಳಿ ಬಿಡುವ ಮುಚ್ಚಳವೊಂದಿದೆ. ಅದನ್ನು ತೆರೆದಿಟ್ಟು ವಾಷರ್ ಒತ್ತಿದವರ ಮೊಣಕಾಲಿಗೂ ಸ್ನಾನವಾಗುತ್ತದೆ.

ಡಬ್ಬಕ್ಕೆ ಏನು ತುಂಬಬೇಕು?

ಬರಿಯ ನೀರು ಹೆಪ್ಪುಗಟ್ಟುವಾಗ ಸುಮಾರು 9 ಶೇಕಡಾ ಹಿಗ್ಗುತ್ತದೆ, ಆ ಹಿಗ್ಗುವಿಕೆಗೆ ಪಂಪೂ ಗಾಜಿನ ಜಾಡಿಯೂ ಒಡೆಯುತ್ತವೆ. ಚಳಿಯ ರಾಜ್ಯಗಳಲ್ಲಿ ಮಾರುವ ನೀಲಿ ಬಣ್ಣದ ವಾಷರ್ ದ್ರವದಲ್ಲಿ ಸಾಮಾನ್ಯವಾಗಿ ಮೆಥನಾಲ್ ಸೇರಿರುತ್ತದೆ. ಸೊನ್ನೆಗಿಂತ 29 ಡಿಗ್ರಿ ಸೆಲ್ಸಿಯಸ್ ಕೆಳಗಿನವರೆಗೂ ಗಟ್ಟಿಯಾಗದಂಥದ್ದು ಅಲ್ಲಿ ಎಲ್ಲೆಡೆ ಸಿಗುತ್ತದೆ. ಮೆಥನಾಲ್ ಕುಡಿದರೆ ಕಣ್ಣು ಹೋಗಬಹುದು, ಜೀವವೂ ಹೋಗಬಹುದು. ಶರಬತ್ತಿನಂತೆ ಕಾಣುವ ಆ ಕ್ಯಾನನ್ನು ಮಕ್ಕಳ ಕೈಗೆ ಸಿಗದಂತೆ ಇಡಬೇಕು, ಕಾದ ಕೊಳವೆಯ ಮೇಲೆ ಚೆಲ್ಲಬಾರದು. ಇಂತಹ ದ್ರವ ಹಳೆಯ ಬಣ್ಣದ ಹೊಳಪನ್ನು ಮಂಕಾಗಿಸಬಹುದಾದ್ದರಿಂದ ಕಣ್ಣಿಗೆ ಬೀಳದ ಮೂಲೆಯಲ್ಲಿ ಒಂದು ಹನಿ ಹಾಕಿ ನೋಡುವುದು ಜಾಣತನ. ರೇಡಿಯೇಟರಿನ ಕೂಲಂಟನ್ನು ಮಾತ್ರ ಯಾವ ಕಾರಣಕ್ಕೂ ಇಲ್ಲಿ ತುಂಬಬಾರದು. ಅದು ಗಾಜಿನ ಮೇಲೆ ಜಿಡ್ಡಿನ ಪದರವಾಗಿ ಹರಡುತ್ತದೆ.

ಹೆಪ್ಪುಗಟ್ಟುವ ಭಯವಿಲ್ಲದ ಕರ್ನಾಟಕದಲ್ಲಿ ಹಳೆಯ ಜೀಪನ್ನೋ ಪಿಕಪ್ಪನ್ನೋ ಇಟ್ಟುಕೊಂಡವರಿಗೆ ಸಮಸ್ಯೆ ಬೇರೆ. ಬೋರ್‌ವೆಲ್ಲಿನ ಗಡಸು ನೀರನ್ನು ತುಂಬಿದರೆ, ಪಾತ್ರೆಯ ತಳದಲ್ಲಿ ಕಟ್ಟುವ ಬಿಳಿ ಪದರವೇ ನಳಿಕೆಯ ಸೂಜಿಗಾತ್ರದ ಬಾಯಲ್ಲೂ ಕಟ್ಟುತ್ತದೆ. ಆರ್‌ಓ ಯಂತ್ರ ಹೊರಚೆಲ್ಲುವ ನೀರನ್ನು ಉಳಿತಾಯವೆಂದು ಬಳಸಿದರೆ ಲವಣ ಇನ್ನೂ ಹೆಚ್ಚು. ಬ್ಯಾಟರಿಗೆ ಹಾಕುವ ಡಿಸ್ಟಿಲ್ಡ್ ವಾಟರಿಗೆ ವಾಷರ್ ದ್ರವವನ್ನು ಬಾಟಲಿಯ ಮೇಲೆ ಹೇಳಿದ ಅಳತೆಯಲ್ಲಿ ಬೆರೆಸಿದರೆ ಈ ತೊಂದರೆಯಿಲ್ಲ. ಶಾಂಪೂ ಬೆರೆಸಿದರೆ ನೊರೆ ನೋಡಲು ಚೆನ್ನ, ಒರೆಸಲು ಸಾಕುಸಾಕಾಗುತ್ತದೆ.

ಮೂಲ ರೂಪದ ಪ್ರಶ್ನೆ

ಜನರಲ್ ಮೋಟರ್ಸ್ ಕಂಪನಿ 1928ರಿಂದ 1954ರವರೆಗೆ ಮುಂಬಯಿಯ ಶಿವಡಿಯಲ್ಲಿ ವಾಹನಗಳನ್ನು ಜೋಡಿಸುತ್ತಿದ್ದುದರಿಂದ ಷೆವರ್ಲೆ ನಮ್ಮ ದೇಶಕ್ಕೆ ಅಪರಿಚಿತ ಹೆಸರಲ್ಲ. ಭಾರತದಲ್ಲಿ 2021ರಲ್ಲಿ ಜಾರಿಗೆ ಬಂದ ನಿಯಮಗಳ ಪ್ರಕಾರ, ಮೊದಲ ನೋಂದಣಿಯಾಗಿ 50 ವರ್ಷ ದಾಟಿದ ಮತ್ತು ಚಾಸಿ, ಮೈಕಟ್ಟು, ಎಂಜಿನ್ನುಗಳಲ್ಲಿ ಗಣನೀಯ ಮಾರ್ಪಾಡಾಗದೆ ಮೂಲ ರೂಪದಲ್ಲಿ ಉಳಿದ ವಾಹನಗಳನ್ನು ‘ವಿಂಟೇಜ್’ ಎಂದು ಪ್ರತ್ಯೇಕವಾಗಿ ನೋಂದಾಯಿಸಲು ಅವಕಾಶವಿದೆ. ತೋಳಿಗೆ ಸಿಕ್ಕಿಸಿದ ನಳಿಕೆ, ಪಟ್ಟಿಯಿಂದ ಬಿಗಿದ ಡಬ್ಬ, ಪ್ರತ್ಯೇಕ ಬ್ಯಾಟರಿ ಇವುಗಳಿಂದಾದ ವಾಷರ್ ಈ ಮೂಲ ರೂಪವನ್ನು ಕೆಡಿಸುವುದಿಲ್ಲ; ಅದನ್ನು ಹಳೆಯ ವಾಹನಗಳ ಪ್ರದರ್ಶನದ ಹಿಂದಿನ ಸಂಜೆ ಒಂದು ಸ್ಪ್ಯಾನರಿನಿಂದ ಬಿಚ್ಚಿ ತೆಗೆದಿಡಬಹುದು, ಮನೆಗೆ ಮರಳುವ ದಾರಿಗೆ ಮತ್ತೆ ಕೂರಿಸಿಕೊಳ್ಳಬಹುದು.